ಅಪ್‌ಡೇಟ್: ಮಗಳ ಒಡಿಸ್ಸಿ ಓದು ಎಲ್ಲಿಗೆ ಬಂತು

ಹೋದ ತಿಂಗಳು ಕೇಳಿದ್ದೆ: ನ್ಯೂಜೆರ್ಸಿಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿರುವ ಮಗಳಿಗೆ ಇಂಗ್ಲಿಷ್‌ನಲ್ಲಿ ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ‘ಒಡಿಸ್ಸಿ’ ಇದೆ, ದೇವತೆಗಳ ಹೆಸರು, ಕಾವ್ಯದ ಪದಗಳು ಯಾವುದೂ ತಲೆಗೆ ಹತ್ತುತ್ತಿಲ್ಲ, ಏನು ಮಾಡಲಿ ಅಂತ. ‘ಪಟ್ಟಿ ಉರು ಹೊಡೆಸಬೇಡಿ, ಜೋರಾಗಿ ಓದಿಸಿ’ ಅಂದಿದ್ದಿರಿ. ಹಾಗೇ ಮಾಡಿದೆವು, ದಿನಾ ಊಟ ಆದ ಮೇಲೆ ಅರ್ಧ ಗಂಟೆ.

ಮೂರನೇ ದಿನ ಅವಳೇ ನಿಲ್ಲಿಸಿ ಕೇಳಿದಳು: ‘ಬೆಳಗಾದಾಗೆಲ್ಲ ಗುಲಾಬಿ ಬೆರಳಿನ ಉಷೆ ಅಂತಾನೇ ಯಾಕೆ ಬರುತ್ತೆ ಅಮ್ಮಾ?’ ಅದೇ ಎಪಿಥೆಟ್, ಹೆಸರಿಗೆ ಅಂಟಿಕೊಂಡೇ ಬರುವ ವಿಶೇಷಣ! ಹಾಡಿ ಹೇಳುವವನಿಗೆ ಛಂದಸ್ಸಿಗೆ ಕೂರುವ ಸಿದ್ಧ ಮಾತು. ನಮ್ಮ ಅರ್ಜುನ ಒಮ್ಮೆ ಪಾರ್ಥ, ಒಮ್ಮೆ ಸವ್ಯಸಾಚಿ ಆಗುತ್ತಾನಲ್ಲ, ಸುಮಾರು ಹಾಗೇ ಅಂದೆ. ತಕ್ಷಣ ಹೊಳೆಯಿತು.

ಯುದ್ಧಕ್ಕೆ ಹೋಗಿ ಇಪ್ಪತ್ತು ವರ್ಷದ ಮೇಲೆ ಕಥಾನಾಯಕ ಒಡಿಸ್ಯೂಸ್ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಗೊಬ್ಬರದ ರಾಶಿಯ ಮೇಲೆ ಮಲಗಿದ್ದ ಮುದಿ ನಾಯಿ ಆರ್ಗೋಸ್ ಗುರುತು ಹಿಡಿದು, ಬಾಲ ಆಡಿಸಿ, ಪ್ರಾಣ ಬಿಡುತ್ತದೆ. ಅಲ್ಲಿ ಇಬ್ಬರಿಗೂ ಗಂಟಲು ಕಟ್ಟಿತು. ಅವನು ಯಾರು ಅಂತ ನಮಗೆ ಗೊತ್ತು, ಮಗನೊಬ್ಬನನ್ನು ಬಿಟ್ಟು ಮನೆಯವರಿಗೆ ಗೊತ್ತಿಲ್ಲ. ಡ್ರಾಮಾಟಿಕ್ ಐರನಿ ಅಂದರೇನು ಅಂತ ಆಮೇಲೆ ಬೇರೆ ಹೇಳಬೇಕಾಗಲಿಲ್ಲ.

24 ಸರ್ಗಗಳಲ್ಲಿ ಪಾಠಕ್ಕಿರುವುದು ಕೆಲವೇ. ಉಳಿದದ್ದನ್ನೂ ಓದುತ್ತಿದ್ದಾಳೆ. ಮೆಟಾನಮಿ (ಒಂದನ್ನು ಅದಕ್ಕೆ ಸಂಬಂಧಪಟ್ಟ ಇನ್ನೊಂದರ ಹೆಸರಿನಿಂದ ಹೇಳುವುದು), ಸಿನೆಕ್ಡಕಿ (ಭಾಗದ ಹೆಸರಿನಿಂದ ಇಡಿಯನ್ನು ಹೇಳುವುದು, ಇಲ್ಲವೇ ಅದರ ಉಲ್ಟಾ) ಮಾತ್ರ ಇನ್ನೂ ಕಲಸಿಹೋಗುತ್ತಿವೆ. ಒಳ್ಳೆಯ ಉದಾಹರಣೆ ಇದ್ದರೆ ಕೊಡಿ, ಟೆಸ್ಟ್ ಮುಂದಿನ ವಾರ.