ಸ್ನೋಮೊಬೈಲಿನ ‘ರನ್ನಿಂಗ್ ಬೋರ್ಡ್’ಗೆ ಮೆಟ್ಟುಹಲಗೆ ಆದೀತೇ? ‘ಗ್ರಿಪ್’, ‘ಸ್ನೋ ಕ್ಲಿಯರೆನ್ಸ್’ಗಳಿಗೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕೆನಡಾದ ಆಲ್ಬರ್ಟಾದಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡಿಸುವ ಮೋಟಾರು ಗಾಡಿ, ಇದರ ರಿಪೇರಿಯ ಕೆಲಸದಲ್ಲಿರುವ ನನ್ನ ತಮ್ಮನ ಮಗ, ಆ ಗಾಡಿಯ ರನ್ನಿಂಗ್ ಬೋರ್ಡುಗಳಲ್ಲಿ ಕಾಲು ಜಾರದಂತೆಯೂ ಹಿಮ ಕಟ್ಟಿಕೊಳ್ಳದಂತೆಯೂ ಮಾಡಿಕೊಳ್ಳಬಹುದಾದ ಸುಧಾರಣೆಗಳ ಬಗ್ಗೆ ಒಂದು ಲೇಖನ ಬರೆದಿದ್ದಾನೆ. ಅಲ್ಲಿನ ಕನ್ನಡಿಗರ ಸ್ಮರಣ ಸಂಚಿಕೆಗಾಗಿ ಅದನ್ನು ಕನ್ನಡಕ್ಕೆ ತರುವ ಹೊಣೆಯನ್ನು ನಾನು ವಹಿಸಿಕೊಂಡಿದ್ದೇನೆ. ಸಂಚಿಕೆಯನ್ನು ಓದುವವರಲ್ಲಿ ಆ ಗಾಡಿಯನ್ನು ದಿನವೂ ನೋಡುವವರೂ ಇದ್ದಾರೆ, ಊರಿನಲ್ಲಿ ಕುಳಿತು ಓದುವ ಅವರ ತಂದೆ ತಾಯಿಯರೂ ಇದ್ದಾರೆ. ಇಬ್ಬರಿಗೂ ಒಂದೇ ಓದಿನಲ್ಲಿ ತಿಳಿಯುವ ಪದಗಳು ಬೇಕೆಂಬುದು ನನ್ನ ಆಸೆ. ಒಂದೆರಡು ಪದಗಳ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ, ಒಂದೆರಡರ ಬಗ್ಗೆ ನಿಮ್ಮಿಂದ ಕೇಳಿ ತಿಳಿಯಬೇಕಾಗಿದೆ.

ಮೊದಲು ವಸ್ತುವಿನ ವಿವರ ಹೇಳಿಬಿಡುತ್ತೇನೆ, ಏಕೆಂದರೆ ವಸ್ತು ಕಣ್ಣಿಗೆ ಕಟ್ಟದೆ ಪದ ಆರಿಸಿದರೆ ಅದು ನಿಲ್ಲುವುದಿಲ್ಲ. ಸ್ನೋಮೊಬೈಲಿಗೆ ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕೀಗಳೂ, ಹಿಂದೆ ಚಕ್ರದ ಬದಲು ಸುತ್ತುವ ಅಗಲವಾದ ರಬ್ಬರಿನ ಪಟ್ಟಿ, ಅಂದರೆ ಒಂದು ಟ್ರ್ಯಾಕೂ ಇರುತ್ತವೆ. ಟ್ರ್ಯಾಕ್ ತಿರುಗುವುದು ಟನಲ್ ಎಂದು ಕರೆಯುವ ಅಲ್ಯೂಮಿನಿಯಂ ತಗಡಿನ ಹೊದಿಕೆಯ ಕೆಳಗೆ. ಆ ಹೊದಿಕೆಯ ಎರಡೂ ಬದಿಗಳಲ್ಲಿ, ಕೆಳ ಅಂಚಿನಿಂದ ಹೊರಕ್ಕೆ ಚಾಚಿಕೊಂಡಿರುವ, ಬೂಟು ತೊಟ್ಟ ಪಾದ ಹಿಡಿಸುವಷ್ಟು ಅಗಲದ ಉದ್ದನೆಯ ಭಾಗವೇ ರನ್ನಿಂಗ್ ಬೋರ್ಡ್. ಸಮತಟ್ಟಾದ ದಾರಿಯಲ್ಲಿ ಸವಾರ ಸೀಟಿನಲ್ಲಿ ಕುಳಿತು ಪಾದವನ್ನಷ್ಟೇ ಅಲ್ಲಿ ಇಟ್ಟಿರುತ್ತಾನೆ. ಬೆಟ್ಟಗಳ ಆಳವಾದ ಹಿಮದಲ್ಲಿ ಅವನು ಎದ್ದು ನಿಂತೇ ಓಡಿಸಬೇಕು. ಇಳಿಜಾರಿಗೆ ಅಡ್ಡವಾಗಿ ಸಾಗುವಾಗಲಂತೂ ಬೆಟ್ಟದ ಬದಿಯ ಒಂದೇ ಬೋರ್ಡಿನ ಮೇಲೆ ಮೈಭಾರವನ್ನೆಲ್ಲ ಹಾಕಿ, ಇನ್ನೂರು ಕಿಲೋಗೂ ಮಿಕ್ಕಿದ ಗಾಡಿಯನ್ನು ಆ ಕಡೆಗೆ ವಾಲಿಸಿ ಹಿಡಿಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಬೂಟು ಜಾರಿತೆಂದರೆ ಗಾಡಿ ಅವನ ಮಾತು ಕೇಳುವುದಿಲ್ಲ.

ಜಾರುವುದಕ್ಕೆ ಕಾರಣ ಹಿಮವೇ. ಬಿದ್ದ ಹಿಮ ಬೂಟಿನ ತುಳಿತಕ್ಕೆ ಅಲ್ಲೇ ಗಟ್ಟಿಯಾಗುತ್ತದೆ, ಟನಲಿನ ಮತ್ತು ಬೂಟಿನ ಬಿಸಿಗೆ ಸ್ವಲ್ಪ ಕರಗುತ್ತದೆ, ಗಾಡಿ ನಿಂತ ಮೇಲೆ ಮತ್ತೆ ಹೆಪ್ಪುಗಟ್ಟಿ ಮಂಜುಗಡ್ಡೆಯ ಪದರವಾಗುತ್ತದೆ. ಆದ್ದರಿಂದ ಸುಧಾರಣೆ ಎಂದರೆ ಎರಡು ಕೆಲಸ: ಬೂಟು ಜಾರದಿರುವ ಮೈ ಬೋರ್ಡಿಗೆ ಬರಬೇಕು, ಬಿದ್ದ ಹಿಮ ಅಲ್ಲಿ ನಿಲ್ಲದೆ ಕೆಳಗೆ ಹೋಗಬೇಕು.

ಇನ್ನು ಪದಗಳಿಗೆ ಬರುತ್ತೇನೆ. ಗಾಡಿಯ ಹೆಸರನ್ನು ಸ್ನೋಮೊಬೈಲ್ ಎಂದೇ ಉಳಿಸಿಕೊಂಡಿದ್ದೇನೆ. ಸಿಯಾಚಿನ್‌ನಲ್ಲಿ ಕೆಲಸ ಮಾಡಿ ಬಂದ ಸೈನಿಕರ ಬಾಯಲ್ಲಿ ಇದು ಸ್ನೋ ಸ್ಕೂಟರ್. ಕ್ವಿಬೆಕ್‌ನ ಫ್ರೆಂಚರು ಇದಕ್ಕೆ ‘ಮೋಟೋನೇಜ್’ ಎಂಬ ಅಚ್ಚುಕಟ್ಟಾದ ಪದವನ್ನು ಕಟ್ಟಿಕೊಂಡಿದ್ದಾರೆ. ಹಾಗಿದ್ದರೂ ಬೊಂಬಾರ್ಡಿಯೆ ಕಂಪನಿ 1959ರಲ್ಲಿ ಮಾರುಕಟ್ಟೆಗೆ ತಂದ ಸ್ಕೀ-ಡೂ ಎಂಬ ಹೆಸರು ಅಲ್ಲಿನ ಮಾತಿನಲ್ಲಿ ಯಾವ ಕಂಪನಿಯ ಗಾಡಿಗೂ ಸಲ್ಲುತ್ತದೆ. ಬರಹದ ಪದವೂ ಬಾಯಿಯ ಪದವೂ ಒಂದರ ಪಕ್ಕದಲ್ಲಿ ಇನ್ನೊಂದು ಬದುಕುವುದಕ್ಕೆ ಅಡ್ಡಿಯಿಲ್ಲ ಎಂಬುದು ಇದರಿಂದ ನನಗೆ ಸಿಕ್ಕಿದ ಧೈರ್ಯ.

ರನ್ನಿಂಗ್ ಬೋರ್ಡನ್ನು ಹಾಗೆಯೇ ಬಿಡಲು ಮನಸ್ಸು ಬರಲಿಲ್ಲ. ಯಂತ್ರಾನುವಾದ ಇದನ್ನು ‘ಚಾಲನೆಯಲ್ಲಿರುವ ಮಂಡಳಿ’ ಎಂಬಂತೆ ಕೊಡುವ ಅಪಾಯವಿರುವುದರಿಂದ ಮನುಷ್ಯರು ಆರಿಸಿದ ಒಂದು ಪದ ಇರಲೇಬೇಕು. ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ಪದ ಫುಟ್‌ಬೋರ್ಡ್. ಅದನ್ನು ಬಳಸಿದರೆ ಕುಂಬಳೆಯ ಅಥವಾ ಮಂಜೇಶ್ವರದ ಓದುಗನಿಗೆ ಬಸ್ಸಿನ ಬಾಗಿಲ ಮೆಟ್ಟಿಲು ನೆನಪಾಗುತ್ತದೆ. ಅದು ಹತ್ತಿ ಇಳಿಯುವ ಜಾಗ, ಅಲ್ಲಿ ನಿಲ್ಲಬಾರದೆಂದು ಕಂಡಕ್ಟರ್ ಗದರಿಸುತ್ತಾನೆ. ಸ್ನೋಮೊಬೈಲಿನಲ್ಲಿ ನಿಲ್ಲುವುದೇ ಅಲ್ಲಿ. ಹಾಗಾಗಿ ಫುಟ್‌ಬೋರ್ಡ್ ಸುಲಭವಾದರೂ ತಪ್ಪು ಚಿತ್ರ ಕೊಡುತ್ತದೆ. ‘ಪಾವಟಿಗೆ’ಗೂ ಇದೇ ತೊಡಕು. ‘ಪಾದಪೀಠ’ ಎಂದರೆ ದೇವರ ವಿಗ್ರಹದ ಕೆಳಗಿನ ಪೀಠ ಕಣ್ಣೆದುರು ಬರುತ್ತದೆ.

ನಾನು ಆರಿಸಿರುವುದು ‘ಮೆಟ್ಟುಹಲಗೆ’. ಇದಕ್ಕೆ ಆಧಾರ ನಮ್ಮ ಅಡುಗೆಮನೆಯ ಮೆಟ್ಟುಕತ್ತಿ. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ತರಕಾರಿ ಹೆಚ್ಚುವ ಆ ಕತ್ತಿಯ ಹೆಸರಿನಲ್ಲಿ ‘ಮೆಟ್ಟು’ ಎಂದರೆ ಹತ್ತುವುದಲ್ಲ, ಭಾರ ಹಾಕಿ ಅಲುಗದಂತೆ ಹಿಡಿಯುವುದು. ಸವಾರ ಮಾಡುವುದೂ ಅದನ್ನೇ: ಕಾಲಿನಿಂದ ಮೆಟ್ಟಿ ಗಾಡಿಯನ್ನು ತನ್ನ ಅಂಕೆಯಲ್ಲಿಡುತ್ತಾನೆ. ಮೆಟ್ಟಿಲು ಎಂಬುದರಲ್ಲಿ ಏರುವ ಅರ್ಥ ಮುಂದಿದ್ದರೆ, ಮೆಟ್ಟುಹಲಗೆಯಲ್ಲಿ ಒತ್ತುವ ಅರ್ಥ ಮುಂದಿರುತ್ತದೆ. ಹಲಗೆ ಮರದ್ದಾಗಿರಬೇಕಲ್ಲವೇ ಎಂದು ಮನೆಯಲ್ಲಿಯೇ ಒಬ್ಬರು ಕೇಳಿದರು. ಪದ ಮರದಿಂದ ಹುಟ್ಟಿದ್ದು ನಿಜ. ಆದರೆ ಅಗಲವಾಗಿ, ಚಪ್ಪಟೆಯಾಗಿ, ಭಾರ ಹೊರುವುದಕ್ಕೆ ಅಣಿಯಾಗಿ ಇರುವ ವಸ್ತು ಎಂಬ ಗುಣ ಅದರಲ್ಲಿ ಉಳಿದಿದೆ. ತಗಡು ಎಂದರೆ ಆ ಭಾರ ಹೊರುವ ಗುಣ ಕಾಣಿಸುವುದಿಲ್ಲ, ಪಟ್ಟಿ ಎಂದರೆ ಅಗಲ ಕಾಣಿಸುವುದಿಲ್ಲ.

ಹಿಮದ ಬಗ್ಗೆ ಹೆಚ್ಚು ಚರ್ಚೆ ಬೇಡ. ಕನ್ನಡದ ‘ಮಂಜು’, ನೆರೆಯ ಮಲಯಾಳದ ‘ಮಞ್ಞ್’ ಎರಡೂ ಹಿಮಕ್ಕೂ ಸಲ್ಲುತ್ತವೆ, ನಮ್ಮ ಪೊಸಡಿಗುಂಪೆ ಗುಡ್ಡದ ಮೇಲೆ ಬೆಳಗಿನ ಹೊತ್ತು ಕವಿಯುವ ಮಸುಕಿಗೂ ಸಲ್ಲುತ್ತವೆ. ಆದ್ದರಿಂದ ಒಂಟಿಯಾಗಿ ‘ಮಂಜು’ ಬಳಸದೆ, ಸಡಿಲವಾಗಿ ಬಿದ್ದದ್ದಕ್ಕೆ ‘ಹುಡಿಹಿಮ’, ತುಳಿದು ಒತ್ತಿದ್ದಕ್ಕೆ ‘ಗಟ್ಟಿಹಿಮ’, ಕರಗಿ ಮತ್ತೆ ಹೆಪ್ಪಾದದ್ದಕ್ಕೆ ‘ಮಂಜುಗಡ್ಡೆ’ ಎಂದು ಬರೆದಿದ್ದೇನೆ. ಪುಡಿಗೆ ಹುಡಿ ಎನ್ನುವುದು ಕರಾವಳಿಯ ರೂಢಿ. ಘಟ್ಟದ ಮೇಲಿನವರಿಗೂ ಅದು ಅರ್ಥವಾಗುತ್ತದೆ ಎಂದು ನಂಬಿದ್ದೇನೆ.

ಬಹಳ ಯೋಚಿಸಬೇಕಾಗಿ ಬಂದದ್ದು ‘ಗ್ರಿಪ್’ ಬಗ್ಗೆ. ಮೂಲ ಲೇಖನದಲ್ಲಿ ಈ ಒಂದೇ ಪದ ಮೂರು ಕಡೆ ಮೂರು ಅರ್ಥದಲ್ಲಿ ಬರುತ್ತದೆ. ಹ್ಯಾಂಡಲಿನ ತುದಿಯಲ್ಲಿ ಕೈ ಹಿಡಿಯುವ ರಬ್ಬರಿನ ಭಾಗ ಒಂದು, ಟ್ರ್ಯಾಕ್ ಹಿಮವನ್ನು ಒತ್ತಿ ಗಾಡಿಯನ್ನು ಮುಂದೂಡುವ ಬಲ ಇನ್ನೊಂದು, ಬೂಟಿಗೂ ಮೆಟ್ಟುಹಲಗೆಗೂ ನಡುವಿನ ಘರ್ಷಣೆ ಮೂರನೆಯದು. ಎಲ್ಲ ಕಡೆಗೂ ‘ಹಿಡಿತ’ ಎಂದು ಹಾಕಿದರೆ ವಾಕ್ಯ ಸಾಗುತ್ತದೆ, ಅರ್ಥ ಸಾಗುವುದಿಲ್ಲ. ಹಿಡಿತವೆಂದರೆ ನಮಗೆ ಮೊದಲು ಹೊಳೆಯುವುದು ಕೈ ಅಥವಾ ಅಧಿಕಾರ. ಟಯರಿನ ಬಗ್ಗೆ ಮಾತನಾಡುವಾಗ ‘ಕಚ್ಚಿ ಹಿಡಿಯುತ್ತದೆ’ ಎನ್ನುವುದುಂಟು, ಅದನ್ನು ತರೋಣವೆಂದು ‘ನೆಲ ಕಚ್ಚುವ ಟ್ರ್ಯಾಕ್’ ಎಂದು ಬರೆದೆವೆಂದರೆ ಕೆಲಸ ಕೆಟ್ಟಿತು. ಅಡಿಕೆಯ ಧಾರಣೆ ನೆಲಕಚ್ಚಿತು ಎಂದು ಪತ್ರಿಕೆಯಲ್ಲಿ ಓದುವ ನಮಗೆ ಅದು ಸೋತು ಬಿದ್ದ ಟ್ರ್ಯಾಕ್ ಎಂದೇ ಕೇಳಿಸುತ್ತದೆ.

ಕಾಲಿನ ಮಟ್ಟಿಗೆ ನಮ್ಮ ಮಾತಿನಲ್ಲಿ ಬೇರೆಯೇ ಒಂದು ಹೇಳಿಕೆ ಇದೆ. ಮಳೆಗಾಲದ ಆಟಿ ತಿಂಗಳಲ್ಲಿ ಹಾವಸೆ ಹಿಡಿದ ಅಂಗಳದ ಬಗ್ಗೆ ಇಲ್ಲಿ ಯಾರೂ ‘ಗ್ರಿಪ್ ಕಡಿಮೆ’ ಎನ್ನುವುದಿಲ್ಲ, ‘ಹಿಡಿತವಿಲ್ಲ’ ಎಂದೂ ಹೇಳುವುದಿಲ್ಲ. ‘ಅಲ್ಲಿ ಕಾಲು ನಿಲ್ಲುವುದಿಲ್ಲ’ ಎನ್ನುತ್ತಾರೆ. ಈ ‘ಕಾಲು ನಿಲ್ಲು’ ಎಂಬ ಕ್ರಿಯಾಪದ ಸಾಕು ಎಂಬುದೇ ನನ್ನ ವಾದ. ಭಾಗಗಳಿಗೆ ಹೆಸರು ಬೇಕು, ಏಕೆಂದರೆ ಅಂಗಡಿಯಲ್ಲಿ ಕೇಳಿ ಕೊಳ್ಳಬೇಕು. ಗುಣಗಳಿಗೆ ಹೆಸರು ಬೇಕಾಗಿಯೇ ಇಲ್ಲ. ಇಂಗ್ಲಿಷಿನಲ್ಲಿ ನಾಮಪದವಿದೆಯೆಂದು ನಾವೂ ಒಂದು ಸಮಾಸವನ್ನು ಕಟ್ಟಿ ‘ಪಾದಘರ್ಷಣ ಸಾಮರ್ಥ್ಯ ವರ್ಧನೆ’ ಎಂದು ಬರೆದರೆ ಮೆಕ್ಯಾನಿಕ್ಕನೂ ಓದುವುದಿಲ್ಲ, ಮೇಷ್ಟರೂ ಓದುವುದಿಲ್ಲ. ‘ಗಟ್ಟಿಹಿಮದ ಮೇಲೂ ಕಾಲು ನಿಲ್ಲುವಂತೆ’ ಎಂದು ಬರೆದರೆ ಯಾರಿಗೂ ಟಿಪ್ಪಣಿ ಬೇಡ.

‘ಸ್ನೋ ಕ್ಲಿಯರೆನ್ಸ್’ ವಿಷಯದಲ್ಲಿಯೂ ಹಾಗೆಯೇ. ಕ್ಲಿಯರೆನ್ಸ್ ಎಂದರೆ ಬಸ್ಸಿನ ಅಡಿಭಾಗಕ್ಕೂ ರಸ್ತೆಗೂ ನಡುವೆ ಇರುವ ಎತ್ತರ ಎಂದು ತಿಳಿದವರು ಇಲ್ಲಿ ಎಡವುತ್ತಾರೆ. ಇಲ್ಲಿ ಹೇಳುತ್ತಿರುವುದು ಮೆಟ್ಟುಹಲಗೆಯ ಮೇಲೆ ಬಿದ್ದ ಹಿಮ ತಾನಾಗಿ ಖಾಲಿಯಾಗುವುದನ್ನು. ‘ತೆರವು’ ಎಂದರೆ ಒತ್ತುವರಿ ತೆರವಿನ ನೆನಪು, ಮೇಲಾಗಿ ಅದನ್ನು ಯಾರೋ ಮಾಡಬೇಕು. ತೋಟದ ಕಣಿಯಲ್ಲಿ ನೀರು ಬಸಿದು ಹೋಗುತ್ತದೆ, ಆದರೆ ಬಸಿಯುವುದು ದ್ರವ. ಹುಡಿಹಿಮ ‘ಉದುರುತ್ತದೆ’, ಬೂಟಿನ ಒತ್ತಡಕ್ಕೆ ಗಟ್ಟಿಹಿಮ ‘ಇಳಿಯುತ್ತದೆ’. ಸಂದರ್ಭ ನೋಡಿ ಈ ಎರಡನ್ನೂ ಬಳಸಿದ್ದೇನೆ.

ಹಿಮ ಇಳಿಯುವುದಕ್ಕಾಗಿ ಕೊರೆಯುವ ತೂತುಗಳನ್ನು ‘ಕಿಂಡಿ’ ಎಂದು ಕರೆದಿದ್ದೇನೆ. ತೂತು ಅಥವಾ ಒಟ್ಟೆ ಎಂದರೆ ಹಾಳಾದದ್ದು, ಮುಚ್ಚಬೇಕಾದದ್ದು. ಕಿಂಡಿ ಅಣೆಕಟ್ಟಿನಲ್ಲಿರುವಂತೆ, ಏನನ್ನೋ ಹಾಯಿಸಲೆಂದು ಬೇಕೆಂದೇ ಇಟ್ಟದ್ದು ಕಿಂಡಿ. ಈ ಆಯ್ಕೆಯಲ್ಲಿ ನನಗೆ ಸಂಶಯವಿಲ್ಲ.

ಅನುವಾದದ ಒಂದು ಭಾಗವನ್ನು ಇಲ್ಲಿ ಕೊಡುತ್ತೇನೆ, ಓದಿ ತಿದ್ದಬೇಕು:

“ಹಳೆಯ ಮೆಟ್ಟುಹಲಗೆಯಲ್ಲಿ ಹೊಸ ಕಿಂಡಿಗಳನ್ನು ಕೊರೆಯುವುದಾದರೆ ಹೊರ ಅಂಚಿನ ಮಡಿಕೆಯನ್ನು ಮುಟ್ಟಬೇಡಿ, ಹಲಗೆ ಬಾಗದಂತೆ ತಡೆಯುವುದು ಅದೇ. ಕಿಂಡಿ ಕಿಂಡಿಗಳ ನಡುವೆ ಸಾಕಷ್ಟು ತಗಡು ಉಳಿಯಲಿ, ಮೂಲೆಗಳೆಲ್ಲ ಗುಂಡಗಿರಲಿ; ಬಿರುಕು ಶುರುವಾಗುವುದು ಚೂಪಾದ ಮೂಲೆಯಿಂದ. ಹಲ್ಲಿನ ಪಟ್ಟಿಗಳನ್ನು ಕೂರಿಸಲು ಅಲ್ಯೂಮಿನಿಯಂ ರಿವೆಟ್ ಒಳ್ಳೆಯದು. ಸ್ಟೀಲಿನ ರಿವೆಟ್ ಹಾಕಿದರೆ, ಟ್ರೇಲರಿನಲ್ಲಿ ಸಾಗಿಸುವಾಗ ರಸ್ತೆಯ ಉಪ್ಪುನೀರು ತಾಗಿ, ಎರಡು ಲೋಹಗಳು ಸೇರುವಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅಂಟಿಸುವ ಪ್ಯಾಡ್ ಆದರೆ ಹಲಗೆಯ ಎಣ್ಣೆ ಜಿಡ್ಡನ್ನು ಆಲ್ಕೋಹಾಲಿನಿಂದ ಒರೆಸಿ, ಬೆಚ್ಚಗಿನ ಗ್ಯಾರೇಜಿನಲ್ಲಿ ಅಂಟಿಸಿ. ಚಳಿಯಲ್ಲಿ ಅಂಟು ಕೂರುವುದಿಲ್ಲ. ಪ್ಯಾಡನ್ನು ಕಿಂಡಿಗಳ ಮೇಲೆ ಹಾಸಿದರೆ ಕಾಲು ನಿಂತೀತು, ಹಿಮ ಇಳಿಯುವುದಿಲ್ಲ.”

ಇಲ್ಲಿ ‘ಹಲ್ಲು’ ಎಂದು ಬರೆದಿರುವುದೇ ನನಗೆ ಪೂರ್ತಿ ಒಪ್ಪಿಗೆಯಾಗದ ಪದ. ವಸ್ತು ಹೀಗಿದೆ: ಹೆಬ್ಬೆರಳು ತೂರುವಷ್ಟು ದೊಡ್ಡ ಕಿಂಡಿಯನ್ನು ತಗಡಿನ ಕೆಳಗಿನಿಂದ ಮೇಲಕ್ಕೆ ಒತ್ತಿ ತೆಗೆದಿರುತ್ತಾರೆ. ಹಾಗೆ ಒತ್ತಿದಾಗ ಕಿಂಡಿಯ ಸುತ್ತಲಿನ ಅಂಚು ಸ್ವಲ್ಪ ಮೇಲೆದ್ದು ಬಳೆಯಾಗುತ್ತದೆ. ಆ ಬಳೆಯಲ್ಲಿ ಅಲ್ಲಲ್ಲಿ ಕಚ್ಚು ಮಾಡಿ ಚೂಪು ತುದಿಗಳನ್ನು ಬಿಟ್ಟಿರುತ್ತಾರೆ, ಕ್ಯಾರೆಟ್ ತುರಿಯುವ ತಗಡನ್ನು ದೊಡ್ಡದು ಮಾಡಿದಂತೆ. ಬೂಟಿನ ಅಟ್ಟೆ ಈ ತುದಿಗಳ ಮೇಲೆ ಕೂರುತ್ತದೆ, ಅಡಿಯಲ್ಲಿ ಸಿಕ್ಕಿದ ಹಿಮ ನಡುವಿನ ಕಿಂಡಿಯಿಂದ ಇಳಿಯುತ್ತದೆ; ಎರಡು ಕೆಲಸಗಳನ್ನೂ ಒಂದೇ ರಚನೆ ಮಾಡುತ್ತದೆ. ತುದಿ ಬಹಳ ಚೂಪಾದರೆ ರಿಪೇರಿಗೆಂದು ಮೊಣಕಾಲೂರಿದವನ ಪ್ಯಾಂಟು ಹರಿಯುವುದೂ ಉಂಟೆಂದು ಹುಡುಗ ಬರೆದಿದ್ದಾನೆ. ಹಲ್ಲು ಎಂದರೆ ಗರಗಸದಂತೆ ಸಾಲಾಗಿ ಇರುವುದು, ಕೊಯ್ಯುವುದು. ಮುಳ್ಳು ಎಂದರೆ ಚುಚ್ಚುವುದು. ಇದು ಕೊಯ್ಯುವುದಕ್ಕೂ ಅಲ್ಲ, ಚುಚ್ಚುವುದಕ್ಕೂ ಅಲ್ಲ, ತಡೆದು ನಿಲ್ಲಿಸುವುದಕ್ಕೆ.

ಆದ್ದರಿಂದ ಗಡಿಭಾಗದ ಗೆಳೆಯರಲ್ಲಿ ನನ್ನ ವಿನಂತಿ. ನುಣುಪಾದ ಬೀಸುಕಲ್ಲನ್ನು ಉಳಿಯಿಂದ ಹೊಡೆದು ಒರಟು ಮಾಡುವ ಕೆಲಸಕ್ಕೂ, ಹಾಗೆ ಕಲ್ಲಿನ ಮೈಮೇಲೆ ಏಳುವ ಒರಟಿಗೂ ತಾಳವಾಡಿಯ ಕಡೆ ಏನೆನ್ನುತ್ತಾರೆ? ಅಕ್ಕಲಕೋಟೆ, ಜತ್ತದ ಕನ್ನಡದಲ್ಲಿ ಇದಕ್ಕಿರುವ ಪದ ಮರಾಠಿಯಿಂದ ಬಂದದ್ದಾದರೂ ತಿಳಿಸಿ. ಆದವಾನಿ, ಮಡಕಶಿರಾದ ಸದಸ್ಯರು ತಗಡಿನ ಕೆಲಸದವರನ್ನು ಕೇಳಿ, ಕೊರೆದ ತೂತಿನ ಸುತ್ತ ಎದ್ದು ನಿಲ್ಲುವ ಅಂಚಿಗೆ ಅವರು ಹೇಳುವ ಮಾತನ್ನು ಇದ್ದ ಹಾಗೆಯೇ ಬರೆದು ಕಳಿಸಿದರೆ ದೊಡ್ಡ ಉಪಕಾರ. ಜೊತೆಗೆ, ಮೆಟ್ಟುಕತ್ತಿಯನ್ನು ಈಳಿಗೆಮಣೆ ಎಂದು ಕರೆಯುವ ಊರುಗಳವರಿಗೆ ‘ಮೆಟ್ಟುಹಲಗೆ’ ಎಂದಾಗ ಒತ್ತಿ ನಿಲ್ಲುವ ಅರ್ಥ ಹೊಳೆಯುತ್ತದೆಯೋ, ಹತ್ತುವ ಅರ್ಥವೋ ಎಂಬುದನ್ನೂ ತಿಳಿಸಬೇಕು.

ಬದಿಯಡ್ಕ, ಕಾಸರಗೋಡು