ಮನೇಲಿ ಮೂರು ಜನ, ಮೂರು ವ್ಯಾಲಿಡೇಶನ್ನು

ಪ್ರಶ್ನೆ (ತೀರ್ಥಹಳ್ಳಿ ಕಡೆ, ಅಡಿಕೆ ತೋಟ):
ನಮಸ್ಕಾರ, ಯಾರೂ ನಗಾಡ್ಬೇಡಿ. ಮಗಳಿಗೆ ಇಂಜೆಕ್ಷನ್ ತಯಾರು ಮಾಡೋ ಕಂಪನೀಲಿ ಕೆಲಸ ಸಿಕ್ಕಿದೆ, ವ್ಯಾಲಿಡೇಶನ್ ಎಕ್ಸಿಕ್ಯೂಟಿವ್ ಅಂತೆ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು, ಅವನೂ ವಾರಕ್ಕೊಂದ್ಸಲ "ವ್ಯಾಲಿಡೇಶನ್ ಫೇಲ್ ಆಯ್ತಪ್ಪ, ರಾತ್ರಿ ಕೂರ್ಬೇಕು" ಅಂತಾನೆ. ಮೊನ್ನೆ ಪಿಯುಸಿ ಓದೋ ತಮ್ಮನ ಮಗಳು ಮುಖ ಊದಿಸ್ಕೊಂಡು "ದೊಡ್ಡಪ್ಪ, ನೀವು ನನ್ನ ಫೀಲಿಂಗ್ಸ್ ವ್ಯಾಲಿಡೇಟ್ ಮಾಡೋದೇ ಇಲ್ಲ" ಅಂದ್ಳು. ನಂಗೆ ಗೊತ್ತಿರೋದು ಮೊಬೈಲ್ ವ್ಯಾಲಿಡಿಟಿ ಒಂದೇ, ಅದು 28 ದಿನಕ್ಕೆ ಮುಗೀತದೆ. ಇದೆಲ್ಲ ಒಂದೇ ಪದವಾ, ಎಂತ ಕತೆ ಮಾರಾಯ್ರೆ?

ಉತ್ತರ (ಫಾರ್ಮಾ ವ್ಯಾಲಿಡೇಶನ್, 14 ವರ್ಷ, ಊರು ಸಾಗರದ ಹತ್ರ):
ನಗೋದೆಂತಕ್ಕೆ, ನಮ್ಮ ಅಮ್ಮಂಗೆ ನನ್ನ ಕೆಲಸ ಏನು ಅಂತ ಇನ್ನೂ ಗೊತ್ತಿಲ್ಲ. ಎಲೆಕ್ಷನ್ ಟೈಮಲ್ಲಿ ಅಸಿಂಧು ಮತ ಅಂತಾರಲ್ಲ, ಆ ಸಿಂಧು ಅನ್ನೋದೇ ವ್ಯಾಲಿಡ್. ಇದು ನಡೀತದಾ, ಒಪ್ಪಬಹುದಾ ಅನ್ನೋದು ಎಲ್ಲಾ ಕಡೆ ಇರೋ ಅರ್ಥ, ಆದ್ರೆ ಯಾವುದನ್ನ ಒಪ್ಪೋದು, ಯಾರು ಒಪ್ಪೋದು ಅನ್ನೋದು ಫೀಲ್ಡಿಂದ ಫೀಲ್ಡಿಗೆ ಬೇರೆ.

ನಿಮ್ಮ ಮಗಳ ಕೆಲಸ ಹೇಳ್ತೀನಿ, ಅದು ನಂಗೆ ಗೊತ್ತಿರೋದು. ಗ್ಲೂಕೋಸ್ ಬಾಟ್ಲಿ ಒಂದು ಬ್ಯಾಚಲ್ಲಿ ಸಾವಿರಾರು ಆಗ್ತದೆ, ಕ್ರಿಮಿ ಇದ್ಯಾ ಅಂತ ನೋಡ್ಬೇಕಂದ್ರೆ ಬಾಟ್ಲಿ ಓಪನ್ ಮಾಡ್ಲೇಬೇಕು, ಓಪನ್ ಮಾಡಿದ್ದು ಮಾರೋ ಹಾಗಿಲ್ಲ, ಹಂಗಾಗಿ ಕೆಲವೇ ಬಾಟ್ಲಿ ನೋಡಿ ಉಳಿದದ್ದನ್ನ ನಂಬಬೇಕು. ಆ ನಂಬಿಕೆಗೆ ಆಧಾರ ಏನು? 1970ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ದ್ರಾವಣದ ಬಾಟ್ಲಿಗಳಲ್ಲೇ ಕ್ರಿಮಿ ಸಿಕ್ಕಿ ದೊಡ್ಡ ಗಲಾಟೆ ಆಯ್ತು, ಆಗ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಟೆಡ್ ಬೈಯರ್ಸ್, ಬಡ್ ಲಾಫ್ಟಸ್ ಅಂತ ಇಬ್ರು ಮುಂದಿಟ್ಟಿದ್ದು ಈ ವಿಚಾರ, ಕೊನೇಲಿ ಮಾಲು ಟೆಸ್ಟ್ ಮಾಡಿದ್ರೆ ಸಾಲದು, ಮಾಡೋ ವಿಧಾನವೇ ಪ್ರತಿ ಸಲ ಸರಿ ಬರ್ತದೆ ಅಂತ ಮೊದಲೇ ತೋರಿಸಿ, ಬರೆದಿಡಿ ಅಂತ.

ಬಾಟ್ಲಿ ಒಳಗಿನ ಕ್ರಿಮಿ ಸಾಯಿಸೋ ಆಟೋಕ್ಲೇವ್ ಅಂದ್ರೆ ದೊಡ್ಡ ಕುಕ್ಕರ್ ಅಂದ್ಕೊಳ್ಳಿ. 121 ಡಿಗ್ರಿ, 15 ನಿಮಿಷ ಅನ್ನೋದು ಸಾಮಾನ್ಯ ಲೆಕ್ಕ. ಹೊರಗಿನ ಮೀಟ್ರು 121 ತೋರಿಸಿದ್ರೂ ಒಳಗೆ ಒಂದು ಮೂಲೆ ತಣ್ಣಗೇ ಇರಬಹುದು, ಕೋಲ್ಡ್ ಸ್ಪಾಟ್ ಅಂತೀವಿ. ಬಾಟ್ಲಿ ಫುಲ್ ಲೋಡ್ ಮಾಡಿ ಹತ್ತಾರು ಕಡೆ ಸೆನ್ಸರ್ ಇಟ್ಟು, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನ ಬೇಕಂತಲೇ ಆ ತಣ್ಣನೆ ಜಾಗದಲ್ಲಿಟ್ಟು ಓಡಿಸ್ತೀವಿ. ಅವೂ ಸತ್ರೆ ಪಾಸು. ಹಿಂಗೆ ಸಾಲಾಗಿ ಮೂರು ಸಲ ಮಾಡೋದು ಹಳೇ ರೂಢಿ, 2011ರ ಎಫ್‌ಡಿಎ ಮಾರ್ಗಸೂಚೀಲಿ ಮೂರೇ ಅಂತ ಕಟ್ಟಿಲ್ಲ, ವಿಧಾನ ನಡೆಯೋ ತನಕ ಕಣ್ಣಿಡ್ತಾ ಇರಿ ಅಂತಿದೆ. ಫೈಲು ಮಾತ್ರ ರಾಶಿ ರಾಶಿ. ಮಗಳು ಮೊದಲ ವರ್ಷ ಬರೀ ಸೈನು, ತಾರೀಕು ಅಂತ ಅಳ್ತಾಳೆ, ತಯಾರಾಗಿರಿ.

ಕೇಳಿದವರು:
ಇದು ನಮ್ಮ ಡ್ರೈಯರ್ ಕತೆನೇ ಆಯ್ತಲ್ರೀ! ಕೊಯ್ಲಲ್ಲಿ ಮಳೆ ಬಿಡಲ್ಲ ಅಂತ ಎರಡು ವರ್ಷದ ಹಿಂದೆ ತಗೊಂಡಿದ್ವಿ, ಮೀಟ್ರು 60 ತೋರಿಸ್ತಿತ್ತು, ಬೇಯಿಸಿದ ಅಡಿಕೆ ಮೇಲಿನ ಟ್ರೇದು ಗಲಗಲ ಅಂತಿತ್ತು, ಕೆಳಗಿನ ಹಿಂದಿನ ಮೂಲೇದು ವ್ಯಾಪಾರಿ ಕತ್ತರಿಸಿ ನೋಡಿದ್ರೆ ಒಳಗೆ ಬೂಷ್ಟು. ರಾಶಿ ಅನ್ನೋ ದರ್ಜೆ ಅಡಿಕೆಯ ರೇಟು ಕೈತಪ್ಪಿ ಹೋಯ್ತು. ಕೊಟ್ಟವನು ಮೀಟ್ರು ಕರೆಕ್ಟಿದೆ ಅಂತ ವಾದ ಮಾಡ್ದ.

ಉತ್ತರ:
ಅವನ ಮೀಟ್ರು ಕರೆಕ್ಟೇ ಇರಬಹುದು, ಅದು ಕ್ಯಾಲಿಬ್ರೇಶನ್, ತಕ್ಕಡಿಗೆ ಸೀಲ್ ಹಾಕಿಸಿದ ಹಾಗೆ. ಖಾಲಿ ಡ್ರೈಯರ್ ಬಿಸಿಲಿನ ದಿನ ಓಡಿಸಿ ತೋರಿಸಿರ್ತಾನೆ. ನಿಮ್ಮ ಮಳೇಲಿ, ನಿಮ್ಮ ಫುಲ್ ಲೋಡಲ್ಲಿ, ಆ ಹಿಂದಿನ ಮೂಲೇಲಿ ಒಣಗ್ತದಾ ಅಂತ ನೋಡಿದ್ರೆ ಅದು ವ್ಯಾಲಿಡೇಶನ್. ಅದನ್ನ ನೀವೇ ಮಾಡಿದ್ರಿ, ಅಡಿಕೆ ಕಳ್ಕೊಂಡು.

ಇನ್ನೊಬ್ರು (ಸಾಫ್ಟ್‌ವೇರ್, ಶಿವಮೊಗ್ಗ):
ಮಗನ ಕಡೆಯಿಂದ ನಾನು ಹೇಳ್ತೀನಿ ಸರ್. ನಮ್ಮಲ್ಲಿ ಎರಡು ಉಂಟು. ಸಣ್ಣದು ಫಾರ್ಮಿನದು, ಪಿನ್‌ಕೋಡು 577201 ಅನ್ನೋ ಬದಲು 57720 ಅಂತ ಹೊಡೆದ್ರೆ ಕೆಂಪಗೆ ತೋರಿಸ್ತದಲ್ಲ ಅದು. ಆಧಾರ್ ನಂಬರಿನ 12ನೇ ಅಂಕೆ ಬರೀ ಚೆಕ್ಕಿಗೆ ಇರೋದು, ಒಂದು ಅಂಕೆ ತಪ್ಪಿದ್ರೂ ಗೊತ್ತಾಗ್ತದೆ. ಆದ್ರೆ ಅಣ್ಣನ ಫಾರ್ಮಿಗೆ ತಮ್ಮನ ನಂಬರ್ ಹಾಕಿ, ಆ ಚೆಕ್ ಆರಾಮಾಗಿ ಪಾಸು. ದೊಡ್ಡದು ಬ್ಯಾರಿ ಬೋಮ್ ಅನ್ನೋರು ಹೇಳಿದ್ದು, ಹೇಳಿದ ಹಾಗೇ ಸರಿಯಾಗಿ ಕಟ್ಟಿದ್ವಾ ಅನ್ನೋದು ವೆರಿಫಿಕೇಶನ್, ಬೇಕಿದ್ದದ್ದನ್ನೇ ಕಟ್ಟಿದ್ವಾ ಅನ್ನೋದು ವ್ಯಾಲಿಡೇಶನ್. ನಿಮ್ಮ ಮಗ ರಾತ್ರಿ ಕೂರೋದು ಹೆಚ್ಚಾಗಿ ಸಣ್ಣದಕ್ಕೇ 😄

ಮತ್ತೊಬ್ರು (ಕೌನ್ಸೆಲರ್):
ತಮ್ಮನ ಮಗಳ ವಿಷಯ ಎಲ್ರೂ ಬಿಟ್ರಲ್ಲ. ಮಾರ್ಷಾ ಲಿನೆಹಾನ್ ಅನ್ನೋ ಮನಶ್ಶಾಸ್ತ್ರಜ್ಞೆ ತಮ್ಮ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನೋ ಮನಸ್ಸಿನ ಚಿಕಿತ್ಸೇಲಿ ಇದಕ್ಕೆ ದೊಡ್ಡ ಜಾಗ ಕೊಟ್ಟಿದ್ದಾರೆ. ಮೇಲಿನವರದ್ದೆಲ್ಲ ಪರೀಕ್ಷೆ ಮಾಡಿ ಒಪ್ಪೋದು, ಇಲ್ಲಿ ಪರೀಕ್ಷೆ ಶುರು ಮಾಡಿದ್ರೇ ಕೆಡೋದು. ಮಾರ್ಕ್ಸ್ ಕಮ್ಮಿ ಬಂತು ಅಂತ ಅತ್ರೆ "ಅಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ" ಅನ್ನೋದು ಬಿಟ್ಟು "ಅಷ್ಟು ಓದಿದ್ದೆ, ಬೇಜಾರಾಗ್ದೆ ಇರ್ತದಾ" ಅನ್ನಿ. ಅವಳು ಮಾಡಿದ್ದೆಲ್ಲ ಸರಿ ಅಂದ ಹಾಗಲ್ಲ ಅದು, ಕಾಲೇಜು ಬಿಡ್ತೀನಿ ಅಂದ್ರೆ ಬೇಡ ಅಂತಾನೂ ಹೇಳಬಹುದು. ಲೈಕ್ ಎಷ್ಟು ಬಂತು ಅಂತ ಕಾಯೋದನ್ನೂ ಈಗ ವ್ಯಾಲಿಡೇಶನ್ ಅಂತಾರೆ, ಅದನ್ನ ಇದಕ್ಕೆ ಸೇರಿಸ್ಬೇಡಿ.

ಕೇಳಿದವರು:
ಅಷ್ಟಕ್ಕೆಲ್ಲ ಅಳ್ತಾರಾ, ಅದನ್ನೇ ಅಂದಿದ್ದೆ ನಾನು, ಅಕ್ಷರ ಬಿಡದೆ. ರಾತ್ರಿ ಮಗಳಿಗೆ ಫೋನ್ ಮಾಡಿ "ನಿಮ್ಮ ಆಟೋಕ್ಲೇವ್‌ದು ಕೋಲ್ಡ್ ಸ್ಪಾಟ್ ಎಲ್ಲಿ ಬಂತೇ" ಅಂತ ಕೇಳಿದೆ, ಆ ಕಡೆ ಮಾತೇ ಇಲ್ಲ, ಆಮೇಲೆ "ಅಪ್ಪ, ಫೋನ್ ಅಮ್ಮಂಗೆ ಕೊಡು, ಹುಷಾರಿದೀಯ ತಾನೆ" ಅಂದ್ಳು.