ವಾಟರ್ ಲಿಲ್ಲಿಗೆ ‘ಜಲಲಿಲ್ಲಿ’ ಅನ್ನಬಹುದೇ?

ಪ್ರಶ್ನೆ (ಉಡುಪಿಯಿಂದ): ಕೈತೋಟದ ಕಿರುಹೊತ್ತಗೆಯೊಂದು ಕನ್ನಡಕ್ಕೆ ಬರುತ್ತಿದೆ. ವಾಟರ್ ಲಿಲ್ಲಿಗೆ ‘ಜಲಲಿಲ್ಲಿ’ ಸರಿಯೇ, ‘ತಾವರೆ’ ಸರಿಯೇ? ಸ್ಪೈಡರ್ ಲಿಲ್ಲಿ, ರೈನ್ ಲಿಲ್ಲಿಗಳೂ ಅದೇ ಬಳಗದವೇ? ಬಲ್ಬಿಗೆ ಗೆಡ್ಡೆ ಅಂದರೆ ಸಾಕೇ?

ಉತ್ತರ (ಮಂಗಳೂರಿನಿಂದ): ಎರಡೂ ಬೇಡ. ಅದು ನೈದಿಲೆ. ಹಳಗನ್ನಡದಲ್ಲಿ ನೆಯ್ದಿಲ್, ತಮಿಳಿನಲ್ಲಿ ನೆಯ್ದಲ್. ನೀಲಿಯದು ಕನ್ನೈದಿಲೆ, ಇಲ್ಲಿ ‘ಕರಿದು’ ಎಂಬುದೇ ‘ಕನ್’ ಆಗಿ ಕೂತಿದೆ. ಇಷ್ಟು ಚಂದದ ಪದ ಇರುವಾಗ ಜಲಲಿಲ್ಲಿ ಯಾಕೆ ಮಾರಾಯ್ರೆ! ಕುಮುದ, ಕುವಲಯಗಳೂ ನೈದಿಲೆಯೇ. ಪದ್ಮ, ಪುಂಡರೀಕ, ತುಳುವಿನ ತಾಮರೆ ಇವು ತಾವರೆ. ಗಿಡಗಳಿಗೆ ಲ್ಯಾಟಿನ್ ಹೆಸರಿಟ್ಟ ಲಿನೇಯಸ್ಸೇ 1753ರಲ್ಲಿ ಎರಡನ್ನೂ ನೈದಿಲೆಯ ನಿಂಫಿಯಾ ಕುಲಕ್ಕೆ ಸೇರಿಸಿದ್ದ. ಈಗ ತಾವರೆ ನೆಲುಂಬೊ ಕುಲದ್ದು, ಕುಟುಂಬವೇ ಬೇರೆ. ಗುರುತಿಗೆ ಎಲೆ ನೋಡಿ: ಅಂಚಿನಿಂದ ತೊಟ್ಟಿನವರೆಗೆ ಸೀಳಿದ್ದರೆ ನೈದಿಲೆ, ಸೀಳಿಲ್ಲದ ದುಂಡೆಲೆಯ ನಡುವಿಗೆ ತೊಟ್ಟಿದ್ದರೆ ತಾವರೆ. ತೇಲುವುದನ್ನು ನಂಬಬೇಡಿ, ತಾವರೆಯ ಎಳೆಯ ಎಲೆಗಳೂ ತೇಲುತ್ತವೆ.

ಸ್ಪೈಡರ್, ರೈನ್ ಲಿಲ್ಲಿಗಳು ನೀರುಳ್ಳಿಯ ಕುಟುಂಬದವು. (ನೀರುಳ್ಳಿಗೂ ನೀರು ಹೆಸರಲ್ಲಿ ಮಾತ್ರ.) ಹೊರಗಿನಿಂದ ಬಂದ ಗಿಡಗಳು, ‘ಲಿಲ್ಲಿ’ ಅಂತಲೇ ಇರಲಿ.

ಬಲ್ಬು ಅಂದರೆ ನೀರುಳ್ಳಿಯ ಹಾಗೆ ಪದರಪದರವಾದದ್ದು, ಅದಕ್ಕೆ ಬರೀ ಗೆಡ್ಡೆ ಸಾಲದು. ಸುವರ್ಣಗೆಡ್ಡೆಯೂ ಗೆಡ್ಡೆಯೇ, ಕೊಯ್ದರೆ ಪದರವಿಲ್ಲ. ಪಠ್ಯಗಳ ‘ಲಶುನ’ ಓದುಗರಿಗೆ ಬೆಳ್ಳುಳ್ಳಿ. ‘ಉಳ್ಳಿಗೆಡ್ಡೆ’ ಅಂದರೆ ಉತ್ತರ ಕರ್ನಾಟಕದವರು ಉಳ್ಳಾಗಡ್ಡಿ ಅಂದುಕೊಂಡಾರು. ‘ಪದರಗೆಡ್ಡೆ’ ಆದೀತು.

ಹೆಸರು ತಪ್ಪಿದರೆ ನೆಡುವುದೂ ತಪ್ಪುತ್ತದೆ. ನೈದಿಲೆಗೆ ಅಗಲದ ಕುಂಡ, ಗದ್ದೆಯ ಅಂಟುಮಣ್ಣು ಬೇಕು. ತೆಂಗಿನ ನಾರಿನ ಪುಡಿ ಹಾಕಿದರೆ ತೇಲುತ್ತದೆ, ಹಸಿ ಗೊಬ್ಬರ ಹಾಕಿದರೆ ನೀರು ನಾರುತ್ತದೆ. ಚಿಗುರು ಮಣ್ಣಿನಿಂದ ಹೊರಗಿರಲಿ. ಮೊದಲು ಅದರ ಮೇಲೆ ನಾಲ್ಕೈದು ಇಂಚು ನೀರು ಸಾಕು, ಎಲೆ ಬೆಳೆದ ಹಾಗೆ ಏರಿಸಿ. ಕೆಸರಲ್ಲಿದ್ದರೂ ಅದು ಉಸಿರುಗಟ್ಟುವುದಿಲ್ಲ, ತೊಟ್ಟಿನೊಳಗಿನ ಕೊಳವೆಗಳಲ್ಲಿ ಗಾಳಿ ಬೇರಿಗಿಳಿಯುತ್ತದೆ. ಪದರಗೆಡ್ಡೆಗೆ ಆ ಸೌಕರ್ಯವಿಲ್ಲ. ಸ್ಪೈಡರ್ ಲಿಲ್ಲಿ ಒದ್ದೆ ನೆಲವನ್ನು ತಡೆದೀತು. ಮೇ ಫ್ಲವರ್ ಅಂತ ಕರೆಯುವ ಫುಟ್‌ಬಾಲ್ ಲಿಲ್ಲಿಯನ್ನು ಮಾತ್ರ ಏರಿ ಮಾಡಿಯೇ ನೆಡಬೇಕು, ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೀರು ನಿಂತರೆ ಕೊಳೆಯುತ್ತದೆ.

ಹೊತ್ತಗೆಯಲ್ಲಿ ಇದೊಂದನ್ನು ದಪ್ಪಕ್ಷರದಲ್ಲಿ ಹಾಕಿ: ತಾವರೆಯ ಗೆಡ್ಡೆ ಪಲ್ಯಕ್ಕಾಗುತ್ತದೆ, ಈ ಲಿಲ್ಲಿಗಳದ್ದು ಆಗದು. ನೋಡಲು ನೀರುಳ್ಳಿಯೇ, ಆದರೆ ಘಾಟಿಲ್ಲ. ಲೈಕೊರಿನ್ ಎಂಬ ವಿಷವಿದೆ, ತಿಂದರೆ ವಾಂತಿ.